ಬ್ಯಾಲೆಯ ಟುಟು: ಒಂದು ಲಂಗದ ಚರಿತ್ರೆಗೆ ಕೆಲವು ತಿದ್ದುಪಡಿಗಳು

ಬ್ಯಾಲೆ ನರ್ತಕಿ ಎಂದೊಡನೆ ಕಣ್ಣ ಮುಂದೆ ಬರುವುದು ಸೊಂಟದ ಸುತ್ತ ಅಡ್ಡಡ್ಡಲಾಗಿ ಚಾಚಿಕೊಂಡ ಪದರಪದರದ ಬಿಳಿ ಲಂಗ. ಇದೇ ಟುಟು. ಇದರ ಚರಿತ್ರೆಯನ್ನು ಸಾಮಾನ್ಯವಾಗಿ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. 18ನೇ ಶತಮಾನದಲ್ಲಿ ಮಾರಿ ಕಮಾರ್ಗೊ ಲಂಗವನ್ನು ಪಾದದ ಗಂಟಿನಿಂದ ಮೇಲೆತ್ತಿದರು, 1832ರಲ್ಲಿ ಮಾರಿ ಟಾಲ್ಯೋನಿ ಅದನ್ನು ಬಿಳಿ ಮಾಡಿದರು, ಆಮೇಲೆ ಇಟಲಿಯ ನರ್ತಕಿಯರು ಮೊಣಕಾಲಿನವರೆಗೆ ಮೊಟಕುಗೊಳಿಸಿದರು, 20ನೇ ಶತಮಾನದಲ್ಲಿ ಅದು ತಟ್ಟೆಯಂತೆ ಚಪ್ಪಟೆಯಾಯಿತು ಎಂಬುದು ಆ ಕಥೆ. ನರ್ತಕಿಯರ ಧೈರ್ಯ ಹೆಚ್ಚಿದಂತೆ ಬಟ್ಟೆ ಕಡಿಮೆಯಾಗುತ್ತ ಬಂತು ಎಂಬ ಧ್ವನಿಯೂ ಅದರಲ್ಲಿದೆ.

ಈ ಕಥೆಯಲ್ಲಿ ಎರಡು ತೊಡಕುಗಳಿವೆ. ಅದು ಪ್ರತಿ ತಿರುವಿಗೂ ಒಬ್ಬ ವ್ಯಕ್ತಿಯನ್ನು ಹುಡುಕುತ್ತದೆ. ಆ ವ್ಯಕ್ತಿಗಳ ಕುರಿತ ಪುರಾವೆಯಾದರೋ ಅಷ್ಟು ಗಟ್ಟಿಯಾಗಿಲ್ಲ. ಇನ್ನೊಂದು, ಲಂಗ ಒಂದೇ ದಿಕ್ಕಿನಲ್ಲಿ ಮೊಟಕಾಗುತ್ತ ಬರಲಿಲ್ಲ. ಮೊಟಕಾಯಿತು, ಮತ್ತೆ ಉದ್ದವಾಯಿತು, ಕೊನೆಗೆ ಎರಡೂ ಒಂದೇ ರಂಗದ ಮೇಲೆ ಉಳಿದವು. ಈ ಬದಲಾವಣೆಗಳ ಹಿಂದೆ ಮುಖ್ಯವಾಗಿ ಮೂರು ಕಾರಣಗಳಿದ್ದವು ಎಂಬುದು ಈ ಟಿಪ್ಪಣಿಯ ವಾದ: ಕಾಲಿನ ಕೆಲಸ, ರಂಗದ ದೀಪ ಮತ್ತು ಸಿಕ್ಕುತ್ತಿದ್ದ ಬಟ್ಟೆ.

ಕಮಾರ್ಗೊ: ಚಿತ್ರ ಹೇಳುವುದೇನು

ಫ್ರಾನ್ಸಿನ 14ನೇ ಲೂಯಿ 1661ರಲ್ಲಿ ನೃತ್ಯಕ್ಕೆಂದೇ ಅಕಾಡೆಮಿಯೊಂದನ್ನು ಸ್ಥಾಪಿಸಿದ. ಆದರೆ ಪ್ಯಾರಿಸ್ ಒಪೆರಾದ ರಂಗವನ್ನು ವೃತ್ತಿನಿರತ ನರ್ತಕಿಯರು ಏರಿದ್ದು 1681ರಲ್ಲಿ. ಅಲ್ಲಿಯವರೆಗೆ ಆ ರಂಗದಲ್ಲಿ ಹೆಣ್ಣಿನ ಪಾತ್ರಗಳನ್ನು ಗಂಡಸರೇ ಮುಖವಾಡ ಹಾಕಿಕೊಂಡು ಕುಣಿಯುತ್ತಿದ್ದರು. ಹೊಸದಾಗಿ ಬಂದ ನರ್ತಕಿಯರು ತೊಟ್ಟದ್ದು ಆಸ್ಥಾನದ ಉಡುಪನ್ನೇ. ನೆಲ ಸವರುವ ಭಾರಿ ಲಂಗ, ಬಿಗಿದ ಕುಪ್ಪಸ, ಹಿಮ್ಮಡಿಯ ಮೆಟ್ಟು. ಇಂಥ ಉಡುಪಿನಲ್ಲಿ ಗಂಡಸರಂತೆ ನೆಗೆಯುವುದು ಸಾಧ್ಯವಿರಲಿಲ್ಲ. ನೆಗೆದರೂ ನೋಡುವವರಿಗೆ ಪಾದ ಕಾಣುತ್ತಿರಲಿಲ್ಲ.

1710ರಲ್ಲಿ ಬ್ರಸೆಲ್ಸ್‌ನಲ್ಲಿ ಹುಟ್ಟಿದ ಕಮಾರ್ಗೊ 1726ರಲ್ಲಿ ಪ್ಯಾರಿಸ್ ಒಪೆರಾಗೆ ಬಂದರು. ಗಾಳಿಯಲ್ಲಿರುವಾಗಲೇ ಎರಡೂ ಪಾದಗಳನ್ನು ಹಿಂದುಮುಂದಾಗಿ ಹೆಣೆಯುವ ಆಂತ್ರಶಾ ಎಂಬ ನೆಗೆತಕ್ಕೆ ಅವರು ಹೆಸರಾದರು. ಲಂಗ ಎತ್ತಿದ ಕೀರ್ತಿ ಅವರಿಗೆ ಬಂದದ್ದು ಈ ಕಾರಣದಿಂದ. ನಿಕೊಲಾ ಲಾಂಕ್ರೆ 1730ರ ಸುಮಾರಿಗೆ ಬರೆದ ಕಮಾರ್ಗೊ ಚಿತ್ರದ ಬೇರೆ ಬೇರೆ ರೂಪಗಳು ಇಂದು ಲಂಡನ್ನಿನ ವಾಲೆಸ್ ಸಂಗ್ರಹದಲ್ಲಿಯೂ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿಯೂ ಇವೆ. ಅವನ್ನು ಗಮನವಿಟ್ಟು ನೋಡಬೇಕು. ತೋಟದ ನಡುವೆ ಕುಣಿಯುತ್ತಿರುವ ನರ್ತಕಿಯ ಲಂಗ ಒಳಗಿನ ಬಳೆಕಟ್ಟಿನಿಂದ ಇನ್ನೂ ಅಗಲವಾಗಿ ಉಬ್ಬಿದೆ, ಅದರ ಮೇಲೆ ಹೂವಿನ ಅಲಂಕಾರವಿದೆ, ಕುಪ್ಪಸ ಆಸ್ಥಾನದ ಮಾದರಿಯದ್ದೇ. ಬದಲಾಗಿರುವುದು ಕೆಳ ಅಂಚು ಮಾತ್ರ. ಅದು ಪಾದದ ಗಂಟನ್ನು ಬಿಟ್ಟುಕೊಟ್ಟು ನಿಂತಿದೆ. ಅಂದರೆ ಆ ಹೆಜ್ಜೆ ಕಾಣಲು ಎಷ್ಟು ಬೇಕೋ ಅಷ್ಟು. ಇದನ್ನು ಟುಟುವಿನ ಆರಂಭ ಎನ್ನುವುದಕ್ಕಿಂತ, ಮುಂದೆ ಪದೇ ಪದೇ ಕಾಣಲಿರುವ ನಿಯಮದ ಮೊದಲ ಉದಾಹರಣೆ ಎನ್ನುವುದು ಸರಿ: ಹೊಸ ಹೆಜ್ಜೆ ಬಂದಾಗ ಲಂಗ ದಾರಿ ಬಿಡುತ್ತದೆ.

ಅದೇ ಕಾಲದ ಮಾರಿ ಸಾಲೆ ಹಿಡಿದದ್ದು ಬೇರೆ ದಾರಿ. 1734ರಲ್ಲಿ ಲಂಡನ್ನಿನಲ್ಲಿ 'ಪಿಗ್ಮೇಲಿಯನ್' ಆಡಿದಾಗ ಅವರು ಬಳೆಕಟ್ಟನ್ನು ಬಿಟ್ಟು, ಕೂದಲನ್ನು ಇಳಿಬಿಟ್ಟು, ಗ್ರೀಕ್ ಶಿಲ್ಪದ ಹಾಗೆ ಮೈಗೆ ಮಲ್‌ಮಲ್ ಸುತ್ತಿಕೊಂಡರು. ಲಂಗದ ಉದ್ದಕ್ಕಿಂತ ಬಟ್ಟೆಯ ಹಗುರಕ್ಕೆ ಅವರು ಬೆಲೆ ಕೊಟ್ಟರು. ಒಂದು ಶತಮಾನದ ನಂತರದ ಬಿಳಿ ಲಂಗಕ್ಕೆ ಕಮಾರ್ಗೊಗಿಂತ ಸಾಲೆಯೇ ಹತ್ತಿರ ಎಂದು ನನ್ನ ಅಭಿಪ್ರಾಯ. ಫ್ರೆಂಚ್ ಕ್ರಾಂತಿಯ ನಂತರದ ವರ್ಷಗಳಲ್ಲಿ ಹಿಮ್ಮಡಿಯ ಮೆಟ್ಟು ಹೋಗಿ ಮೆತ್ತನೆಯ ಚಪ್ಪಟೆ ಪಾದರಕ್ಷೆ ಬಂತು, ಉಡುಪು ಇನ್ನಷ್ಟು ತೆಳುವಾಯಿತು. ನೆಲ ಸಿದ್ಧವಾಯಿತು.

1832: ಬಿಳುಪು ಮತ್ತು ಗ್ಯಾಸ್ ದೀಪ

1832ರ ಮಾರ್ಚ್ 12ರಂದು ಪ್ಯಾರಿಸ್ ಒಪೆರಾದಲ್ಲಿ 'ಲಾ ಸಿಲ್ಫಿಡ್' ಮೊದಲ ಪ್ರದರ್ಶನ ಕಂಡಿತು. ನೃತ್ಯ ಸಂಯೋಜನೆ ಫಿಲಿಪ್ಪೊ ಟಾಲ್ಯೋನಿ ಅವರದು, ನಾಯಕಿ ಅವರ ಮಗಳು ಮಾರಿ. ಭುಜ ಬಿಟ್ಟ ಬಿಗಿ ಕುಪ್ಪಸ, ಮೀನಖಂಡದ ಕೆಳಗಿನವರೆಗೆ ಗಂಟೆಯಾಕಾರದಲ್ಲಿ ಇಳಿದ ಬಿಳಿ ಲಂಗ, ಬೆನ್ನಿಗೆ ಪುಟ್ಟ ರೆಕ್ಕೆ. ಇಂದು ರೊಮ್ಯಾಂಟಿಕ್ ಟುಟು ಎಂದು ಕರೆಯುವ ಉಡುಪಿನ ಮಾದರಿ ಇದು. ವಿನ್ಯಾಸಕಾರರೆಂದು ಯೂಜೀನ್ ಲಾಮಿ ಅವರನ್ನು ಹೆಸರಿಸುವುದು ರೂಢಿ. ಆದರೆ ಇಡೀ ಉಡುಪನ್ನು ಅವರೊಬ್ಬರ ಕಲ್ಪನೆ ಎನ್ನುವುದು ಕಷ್ಟ. ಬಿಳಿ ಮಲ್‌ಮಲ್ ಆ ಹೊತ್ತಿಗೆ ದಶಕಗಳಿಂದ ಬಳಕೆಯಲ್ಲಿತ್ತು. ಬಿಗಿ ಸೊಂಟ, ಗಂಟೆಯಾಕಾರದ ಲಂಗ ಆ ಕಾಲದ ಪ್ಯಾರಿಸ್ ಹೆಂಗಸರ ಸಂಜೆ ಉಡುಪಿನಲ್ಲೇ ಇದ್ದವು. ಆಗ ಇದಕ್ಕೆ ಟುಟು ಎಂಬ ಹೆಸರೂ ಇರಲಿಲ್ಲ. ಆ ಹೆಸರು ಬರಹದಲ್ಲಿ ಕಾಣುವುದು ಆ ಶತಮಾನದ ಕೊನೆಯ ದಶಕಗಳಲ್ಲಿ.

ಹಾಗಾದರೆ ಹೊಸದೇನು? ದೀಪ. ಪ್ಯಾರಿಸ್ ಒಪೆರಾ 1822ರಲ್ಲಿ ಗ್ಯಾಸ್ ದೀಪ ತಂದಿತು. ಎಣ್ಣೆ ದೀಪ, ಮೇಣದ ಬತ್ತಿಗಳಂತಲ್ಲದೆ ಗ್ಯಾಸಿನ ಬೆಳಕನ್ನು ಒಮ್ಮೆಲೇ ಏರಿಸಬಹುದಿತ್ತು, ತಗ್ಗಿಸಬಹುದಿತ್ತು. ರಂಗದ ಮೇಲೆ ಬೆಳುದಿಂಗಳು ಬೀಳತೊಡಗಿತು. 1831ರ ನವೆಂಬರಿನಲ್ಲಿ 'ರಾಬರ್ಟ್ ಲ ದ್ಯಾಬ್ಲ್' ಒಪೆರಾದಲ್ಲಿ ಸತ್ತ ಸಂನ್ಯಾಸಿನಿಯರು ಬಿಳಿ ಉಡುಪಿನಲ್ಲಿ ಗೋರಿಗಳಿಂದ ಎದ್ದು ಬಂದ ದೃಶ್ಯ ಈ ಬೆಳಕನ್ನು ಬಳಸಿಕೊಂಡಿತು. ಅಲ್ಲಿಯೂ ಮುಂದೆ ನಿಂತವರು ಮಾರಿ ಟಾಲ್ಯೋನಿ. ನಾಲ್ಕು ತಿಂಗಳ ನಂತರ ಬಂದದ್ದು 'ಲಾ ಸಿಲ್ಫಿಡ್'. ತಗ್ಗಿದ ನೀಲಿ ಬೆಳಕಿನಲ್ಲಿ ಬಣ್ಣದ ರೇಷ್ಮೆ ಕಪ್ಪಿಟ್ಟಂತೆ ಕಾಣುತ್ತದೆ. ತೆಳುವಾದ ಬಿಳಿ ಹತ್ತಿಯ ಪದರಗಳಾದರೋ ಬೆಳಕನ್ನು ಚದುರಿಸಿ ಹರಡುತ್ತವೆ. ನೆಲದಿಂದ ತುಸು ಮೇಲೆ ತೇಲುವ ಗಾಳಿಯ ಜೀವಿಯನ್ನು ತೋರಿಸಲು ಆ ದೀಪ ಮತ್ತು ಆ ಬಟ್ಟೆ ಒಟ್ಟಿಗೆ ಬೇಕಾಗಿದ್ದವು. 1841ರ ಜೂನ್ 28ರಂದು ಕಾರ್ಲೊಟ್ಟಾ ಗ್ರೀಸಿ ನಾಯಕಿಯಾಗಿ 'ಜಿಸೆಲ್' ಬಂದಾಗ ಎರಡನೆಯ ಅಂಕದ ಇಡೀ ಹೆಣ್ಣು ಮೇಳವೇ ಬಿಳಿಯಲ್ಲಿತ್ತು. ಬಿಳಿ ಬ್ಯಾಲೆ ಎಂಬ ಪ್ರಕಾರವೇ ನೆಲೆಯಾಯಿತು.

ಬಟ್ಟೆಯ ಕಥೆಗೆ ಇನ್ನೊಂದು ಎಳೆಯಿದೆ. ಇಂಗ್ಲೆಂಡಿನ ಜಾನ್ ಹೀತ್‌ಕೋಟ್ 1808-09ರಲ್ಲಿ ಜಾಲರಿ ನೇಯುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಕೈಯಲ್ಲಿ ಹೆಣೆಯುತ್ತಿದ್ದ ಜಾಲರಿ ಬಟ್ಟೆ ಗಜಗಟ್ಟಲೆ ಅಗ್ಗವಾಗಿ ಸಿಕ್ಕತೊಡಗಿತು. 1816ರಲ್ಲಿ ಯಂತ್ರವಿರೋಧಿ ಲುಡೈಟರು ಲಫ್‌ಬರೋದಲ್ಲಿದ್ದ ಅವರ ಕಾರ್ಖಾನೆಗೆ ನುಗ್ಗಿ ಯಂತ್ರಗಳನ್ನು ಪುಡಿಗುಟ್ಟಿದರು. ಹೀತ್‌ಕೋಟ್ ಟಿವರ್ಟನ್‌ಗೆ ಹೋಗಿ ನೆಲೆಸಿದರು. ಶತಮಾನದ ಮೊದಲ ಭಾಗದ ನೃತ್ಯದ ಲಂಗಗಳಲ್ಲಿ ಮಲ್‌ಮಲ್ ಮತ್ತು ಗಂಜಿ ಹಾಕಿದ ಟಾರ್ಲಟಾನ್ ಹೆಚ್ಚು. ಮುಂದೆ ಅವುಗಳ ಜಾಗವನ್ನು ಹಿಡಿದದ್ದು ಈ ಯಂತ್ರದ ಜಾಲರಿ. ಪ್ರತಿ ನರ್ತಕಿಗೂ ಹತ್ತಾರು ಪದರಗಳ ಲಂಗ ತೊಡಿಸುವುದು ರಾಜನ ಬೊಕ್ಕಸವಿಲ್ಲದ ನಾಟಕಶಾಲೆಗೂ ಕೈಗೆಟುಕಿದ್ದು ಯಂತ್ರದ ಬಟ್ಟೆಯಿಂದ.

ಬೆಂಕಿ

ಗ್ಯಾಸ್ ದೀಪ ಮತ್ತು ತೆಳು ಹತ್ತಿ ಒಂದನ್ನೊಂದು ಚೆಲುವಾಗಿಸಿದವು, ಒಂದನ್ನೊಂದು ಸುಟ್ಟವು ಕೂಡ. ಟುಟುವಿನ ಚರಿತ್ರೆಯನ್ನು ಚೆಲುವಿನ ಚರಿತ್ರೆಯಾಗಿ ಮಾತ್ರ ಬರೆಯುವುದು ಆ ಬೆಂಕಿಗೆ ಬಲಿಯಾದ ಹೆಣ್ಣುಮಕ್ಕಳಿಗೆ ಮಾಡುವ ಅನ್ಯಾಯ. 1844ರ ಡಿಸೆಂಬರಿನಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗದಲ್ಲಿ ಕ್ಲಾರಾ ವೆಬ್‌ಸ್ಟರ್ ಅವರ ಲಂಗಕ್ಕೆ ಪ್ರದರ್ಶನದ ನಡುವೆಯೇ ಬೆಂಕಿ ತಗುಲಿತು. ಮೂರು ದಿನಗಳಲ್ಲಿ ಅವರು ತೀರಿಕೊಂಡರು. 1861ರಲ್ಲಿ ಫಿಲಡೆಲ್ಫಿಯಾದ ಕಾಂಟಿನೆಂಟಲ್ ಥಿಯೇಟರಿನಲ್ಲಿ ಒಬ್ಬ ನರ್ತಕಿಯ ಬಟ್ಟೆಗೆ ಹತ್ತಿದ ಬೆಂಕಿ, ನೆರವಿಗೆ ಓಡಿಬಂದ ಒಡಹುಟ್ಟಿದವರಿಗೂ ಜೊತೆಗಾರ್ತಿಯರಿಗೂ ಹಬ್ಬಿ ಹಲವರನ್ನು ಕೊಂದಿತು.

ಎಮ್ಮಾ ಲಿವ್ರಿ ಅವರ ಪ್ರಕರಣ ಹೆಚ್ಚು ವಿವರವಾಗಿ ದಾಖಲಾಗಿದೆ. 16ನೇ ವಯಸ್ಸಿನಲ್ಲಿ 'ಲಾ ಸಿಲ್ಫಿಡ್' ಮೂಲಕವೇ ರಂಗಕ್ಕೆ ಬಂದ ಈ ಹುಡುಗಿಯನ್ನು ಸ್ವತಃ ಮಾರಿ ಟಾಲ್ಯೋನಿ ಶಿಷ್ಯೆಯಾಗಿ ಸ್ವೀಕರಿಸಿ, 1860ರಲ್ಲಿ 'ಲ ಪಾಪಿಯೋಂ' ಎಂಬ ಬ್ಯಾಲೆಯನ್ನು ಅವರಿಗಾಗಿಯೇ ಸಂಯೋಜಿಸಿದರು. 1862ರ ನವೆಂಬರ್ 15ರಂದು 'ಲಾ ಮ್ಯುಎತ್ ದ ಪೋರ್ತೀಚಿ' ಒಪೆರಾದ ತಾಲೀಮಿನಲ್ಲಿ, ತಮ್ಮ ಸರದಿಗಾಗಿ ಕಾಯುತ್ತಿದ್ದ ಲಿವ್ರಿ, ಮುದುರಿದ ಲಂಗವನ್ನು ಕೊಡವಿ ಬಿಡಿಸಿದರು. ಅದರ ಗಾಳಿಗೆ ಪಕ್ಕದ ಗ್ಯಾಸ್ ಜ್ವಾಲೆ ಚಾಚಿ ಬಟ್ಟೆಯನ್ನು ಹಿಡಿಯಿತು. ಪದರಗಳ ನಡುವಿನ ಗಾಳಿಯೇ ಬೆಂಕಿಗೆ ಊಟ. ಅವರು ಉರಿಯುತ್ತಲೇ ರಂಗದ ಮೇಲೆ ಓಡಿದರು. ಎಂಟು ತಿಂಗಳು ನರಳಿ 1863ರ ಜುಲೈ 26ರಂದು ತೀರಿಕೊಂಡಾಗ ಅವರಿಗೆ 21 ತುಂಬಿರಲಿಲ್ಲ. ಸುಟ್ಟು ಉಳಿದ ಅವರ ಉಡುಪಿನ ಚೂರುಗಳು ಪ್ಯಾರಿಸ್ ಒಪೆರಾದ ಗ್ರಂಥಾಲಯ-ಸಂಗ್ರಹಾಲಯದಲ್ಲಿವೆ.

ಬೆಂಕಿ ತಡೆಯುವ ಉಪಾಯ ಆಗಲೇ ಇತ್ತು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಪಟಿಕ, ಬಿಳಿಗಾರದಂಥ ಲವಣಗಳ ದ್ರಾವಣದಲ್ಲಿ ಬಟ್ಟೆಯನ್ನು ಅದ್ದುವ ಕಾರ್ತರೋಂ ಎಂಬವರ ವಿಧಾನವನ್ನು 1859ರಲ್ಲಿ ಫ್ರೆಂಚ್ ಸರ್ಕಾರ ರಂಗಭೂಮಿಗೆ ಕಡ್ಡಾಯ ಮಾಡಿತ್ತು. ಹಾಗೆ ಅದ್ದಿದ ಬಟ್ಟೆ ಗಡುಸಾಗುತ್ತಿತ್ತು, ಬಿಳುಪು ಮಾಸುತ್ತಿತ್ತು. ಲಿವ್ರಿ ಅದನ್ನು ತೊಡಲು ಒಪ್ಪದೆ, ಸಾಮಾನ್ಯ ಲಂಗದಲ್ಲೇ ಕುಣಿಯುವುದಾಗಿ ಬರೆದುಕೊಟ್ಟಿದ್ದರು. ಇದನ್ನು ಹುಡುಗಿಯ ಹಟ ಎಂದು ತಳ್ಳಿಹಾಕಬಾರದು. ಯಾವ ಹಗುರ ಮತ್ತು ಬಿಳುಪಿಗಾಗಿ ಪ್ರೇಕ್ಷಕರೂ ವಿಮರ್ಶಕರೂ ಅವರನ್ನು ಮೆಚ್ಚುತ್ತಿದ್ದರೋ ಅದನ್ನೇ ಆ ದ್ರಾವಣ ಕಸಿಯುತ್ತಿತ್ತು. ತೆರೆದ ಜ್ವಾಲೆ ರಂಗದಿಂದ ತೊಲಗಿದ್ದು ವಿದ್ಯುತ್ ದೀಪ ಬಂದ ಮೇಲೆ. ಲಂಡನ್ನಿನ ಸವಾಯ್ ಥಿಯೇಟರ್ 1881ರಲ್ಲಿ ಪೂರ್ತಿಯಾಗಿ ವಿದ್ಯುತ್ತಿಗೆ ಬದಲಾಯಿತು, ಉಳಿದವು ಹಿಂಬಾಲಿಸಿದವು.

ಮೊಣಕಾಲು ಕಾಣಬೇಕಾದಾಗ

ಅದೇ 1881ರಲ್ಲಿ ಎಡ್ಗರ್ ದೆಗಾ ಹದಿನಾಲ್ಕರ ಹರೆಯದ ಪುಟ್ಟ ನರ್ತಕಿಯ ಮೇಣದ ಪ್ರತಿಮೆಯನ್ನು ಪ್ಯಾರಿಸ್ಸಿನಲ್ಲಿ ಪ್ರದರ್ಶಿಸಿದರು. ಅದಕ್ಕೆ ನಿಜವಾದ ಬಟ್ಟೆಯ ಲಂಗ ತೊಡಿಸಿದ್ದರು. ಟುಟುವಿನ ಬಗೆಗಿನ ಬರಹಗಳಲ್ಲಿ ಈ ಪ್ರತಿಮೆಯನ್ನು ಸಾಕ್ಷಿಯಾಗಿ ಬಳಸುವವರು ಎಚ್ಚರ ವಹಿಸಬೇಕು. ಮೂಲ ಮೇಣದ ಪ್ರತಿಮೆ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಇತರ ಸಂಗ್ರಹಾಲಯಗಳಲ್ಲಿರುವ ಕಂಚಿನ ಎರಕಗಳು ದೆಗಾ 1917ರಲ್ಲಿ ತೀರಿಕೊಂಡ ಮೇಲೆ ಮಾಡಿದವು. ಅವುಗಳ ಲಂಗಗಳು ಆಮೇಲೆ ತೊಡಿಸಿದವು, ಬದಲಾಯಿಸಿದವು, ಉದ್ದವೂ ಒಂದೊಂದು ಕಡೆ ಒಂದೊಂದು. ಆ ಕಾಲದ ಉದ್ದವನ್ನು ತಿಳಿಯಲು 1870ರ ದಶಕದ ದೆಗಾ ಚಿತ್ರಗಳೇ ಹೆಚ್ಚು ನಂಬಲರ್ಹ. ಅವುಗಳಲ್ಲಿ ಲಂಗ ಮೊಣಕಾಲಿನ ಆಸುಪಾಸಿಗೆ ಬಂದಿದೆ.

ಇದರಿಂದ ಮೇಲೆ ಅದನ್ನು ಎತ್ತಿದ್ದು ಇಟಲಿಯ ಶಾಲೆಯ ಕಾಲ್ಕೆಲಸ. ಮಿಲಾನಿನಲ್ಲಿ ತಯಾರಾದ ನರ್ತಕಿಯರು ಗಡಸು ತುದಿಯ ಪಾದರಕ್ಷೆಯ ಮೇಲೆ ನಿಂತು ಸುತ್ತುವುದರಲ್ಲಿ ಪಳಗಿದ್ದರು. 1885ರಲ್ಲಿ ವರ್ಜೀನಿಯಾ ಝುಕ್ಕಿ ಸೇಂಟ್ ಪೀಟರ್ಸ್‌ಬರ್ಗಿಗೆ ಬಂದು ಅಲ್ಲಿನ ರೂಢಿಗಿಂತ ಮೊಟಕಾದ ಲಂಗ ತೊಟ್ಟರು. 1890ರಲ್ಲಿ ಕಾರ್ಲೊಟ್ಟಾ ಬ್ರಿಯಾಂಜಾ 'ಸ್ಲೀಪಿಂಗ್ ಬ್ಯೂಟಿ'ಯ ಮೊದಲ ಅರೋರಾ ಆದರು. 1893ರಲ್ಲಿ ಪಿಯೆರಿನಾ ಲೆನ್ಯಾನಿ 'ಸಿಂಡರೆಲ್ಲಾ'ದಲ್ಲಿ ಒಂಟಿ ಕಾಲಿನ ಮೇಲೆ, ಇನ್ನೊಂದು ಕಾಲನ್ನು ಚಾಟಿಯಂತೆ ಬೀಸುತ್ತ, 32 ಸುತ್ತು ಸುತ್ತಿದರು. 1895ರ 'ಸ್ವಾನ್ ಲೇಕ್'ನಲ್ಲಿ ಅದು ಸೇರಿ ಇಂದಿಗೂ ಉಳಿದಿದೆ. ಈ ಸುತ್ತಿನಲ್ಲಿ ಉದ್ದನೆಯ ಮೆತ್ತಗಿನ ಲಂಗ ಕಾಲಿಗೆ ಸುತ್ತಿಕೊಳ್ಳುತ್ತದೆ, ದೇಹಕ್ಕಿಂತ ಒಂದು ಗಳಿಗೆ ಹಿಂದೆ ಬೀಳುತ್ತದೆ. ಮೊಟಕಾದ ಗಡಸು ಲಂಗ ಸೊಂಟದೊಡನೆಯೇ ತಿರುಗುತ್ತದೆ, ಮೊಣಕಾಲು ನೆಟ್ಟಗಿದೆಯೇ ಎಂಬುದನ್ನು ಕೊನೆಯ ಸಾಲಿನವರಿಗೂ ತೋರಿಸುತ್ತದೆ.

ಇಲ್ಲಿ ಇನ್ನೊಂದು ತಿದ್ದುಪಡಿ ಬೇಕು. ಇಂದಿನ 'ಸ್ವಾನ್ ಲೇಕ್'ನಲ್ಲಿ ಕಾಣುವ ಚಪ್ಪಟೆ ತಟ್ಟೆಯ ಟುಟು 1895ರದಲ್ಲ. ಲೆನ್ಯಾನಿ ಅವರ ಫೋಟೊಗಳಲ್ಲಿ ಲಂಗ ಇಳಿಜಾರಾಗಿ ಮೊಣಕಾಲಿನವರೆಗೂ ಬರುತ್ತದೆ. ಅಲೆಕ್ಸಿ ರಟ್ಮಾನ್ಸ್ಕಿ 2016ರಲ್ಲಿ ಜ್ಯೂರಿಕ್ಕಿನಲ್ಲಿ ಹಳೆಯ ನೃತ್ಯಲಿಪಿಯ ಆಧಾರದ ಮೇಲೆ ಈ ಬ್ಯಾಲೆಯನ್ನು ಪುನರ್ರಚಿಸಿದಾಗ ನರ್ತಕಿಯರಿಗೆ ಅದೇ ಬಗೆಯ ಉದ್ದನೆಯ ಮೆತ್ತಗಿನ ಲಂಗ ತೊಡಿಸಿದರು. ತಟ್ಟೆಯಾಕಾರ ನೆಲೆಯಾದದ್ದು 20ನೇ ಶತಮಾನದಲ್ಲಿ. ಪದರಗಳ ನಡುವೆ ತಂತಿಯ ಬಳೆ, ಯುದ್ಧಾನಂತರ ನೈಲಾನ್ ನೆಟ್ ಬಂದ ಮೇಲೆ ಅದು ಬಾಗದೆ ನಿಲ್ಲತೊಡಗಿತು. ಕಾಲು ಸೊಂಟದಿಂದ ಮೇಲೆ ಏರತೊಡಗಿದ್ದೂ ಇದೇ ಶತಮಾನದಲ್ಲಿ.

ಹಿಂದಕ್ಕೆ ಹೋದ ಲಂಗ, ಭಾರತದ ನಂಟು

ಮೊಟಕು ಲಂಗ ಗೆದ್ದ ಕಾಲದಲ್ಲೇ ಅದರ ವಿರುದ್ಧ ದನಿಯೂ ಎದ್ದಿತು. ಪಾತ್ರ ಈಜಿಪ್ಟಿನವಳಾದರೂ ಭಾರತದವಳಾದರೂ ಅದೇ ಟುಟು ಏಕೆ ಎಂಬುದು ನೃತ್ಯ ಸಂಯೋಜಕ ಮಿಖಾಯಿಲ್ ಫೋಕಿನ್ ಅವರ ತಕರಾರು. 1909ರಲ್ಲಿ ಡಿಯಾಘಿಲೆವ್ ತಂಡ ಪ್ಯಾರಿಸ್ಸಿನಲ್ಲಿ ಆಡಿದ ಅವರ 'ಲೆ ಸಿಲ್ಫಿಡ್'ನಲ್ಲಿ ಅಲೆಕ್ಸಾಂಡರ್ ಬೆನುವಾ ಟಾಲ್ಯೋನಿ ಕಾಲದ ಉದ್ದನೆಯ ಬಿಳಿ ಲಂಗವನ್ನು ಮರಳಿ ತಂದರು. ಉದ್ದದ ಲಂಗ ಹಳೆಯದಾಗಿ ಸತ್ತಿರಲಿಲ್ಲ. ಬೇರೆ ಬಗೆಯ ಚಲನೆಗೆ ಬೇಕಾದಾಗ ಎದ್ದು ಬಂತು.

ಫೋಕಿನ್ ಎತ್ತಿದ ತಕರಾರಿಗೆ ಭಾರತವೇ ಒಳ್ಳೆಯ ಉದಾಹರಣೆ. 1838ರಲ್ಲಿ ಪುದುಚೇರಿಯ ಸಮೀಪದ ತಿರುವೇಂದಿಪುರದ ದೇವದಾಸಿಯರ ತಂಡವೊಂದು ಪ್ಯಾರಿಸ್ಸಿನಲ್ಲಿ ಕುಣಿದಿತ್ತು. ಕವಿ ತಿಯೊಫಿಲ್ ಗೋತಿಯೆ ಅವರಲ್ಲಿ ಅಮ್ಮಣಿ ಎಂಬ ನರ್ತಕಿಯ ಬಗ್ಗೆ ಮೆಚ್ಚಿ ಬರೆದರು. ಯುರೋಪು ಅವರನ್ನು ಅಷ್ಟು ಹತ್ತಿರದಿಂದ ನೋಡಿದ್ದರೂ 1877ರಲ್ಲಿ ಮಾರಿಯುಸ್ ಪೆಟಿಪಾ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ 'ಲಾ ಬಯಾದೇರ್' ರಚಿಸಿದಾಗ, ದೇವಾಲಯದ ನರ್ತಕಿ ನಿಕಿಯಾ ಸತ್ತ ಮೇಲೆ ನೆರಳುಗಳ ಲೋಕದಲ್ಲಿ ಬಿಳಿ ಲಂಗ ತೊಟ್ಟೇ ಬರುತ್ತಾಳೆ. ಆ ದೃಶ್ಯ ನೃತ್ಯವಾಗಿ ಅಸಾಧಾರಣವಾದದ್ದು. ಭಾರತದ ಉಡುಪಿನ ದಾಖಲೆಯಾಗಿ ಅದಕ್ಕೆ ಬೆಲೆಯಿಲ್ಲ.

ಹಂಸದ ಟುಟುವಿನಿಂದ ಲೋಕಪ್ರಸಿದ್ಧರಾದ ಆನಾ ಪಾವ್ಲೋವಾ 1920ರ ದಶಕದಲ್ಲಿ ಎರಡು ಬಾರಿ ಭಾರತಕ್ಕೆ ಬಂದರು. ಉದಯ ಶಂಕರ್ ಅವರೊಡನೆ 1923ರಲ್ಲಿ ರಾಧಾ-ಕೃಷ್ಣ ನೃತ್ಯ ಮಾಡಿದರು. ಪಾವ್ಲೋವಾ ಅವರಿಂದ ಪ್ರೇರಣೆ ಪಡೆದು, ಅವರ ತಂಡದ ಕ್ಲಿಯೊ ನಾರ್ಡಿ ಬಳಿ ಬ್ಯಾಲೆ ಕಲಿತ ರುಕ್ಮಿಣಿದೇವಿ ಅರುಂಡೇಲ್ ಮುಂದೆ ಭರತನಾಟ್ಯಕ್ಕೆ ಬಂದು, ಹೊಲಿದ ನೆರಿಗೆಯ ಉಡುಪನ್ನು ರಂಗಕ್ಕೆ ತಂದರು. ಅರಮಂಡಿಯಲ್ಲಿ ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಆ ನೆರಿಗೆ ಇಂದು ಕರ್ನಾಟಕದ ಪ್ರತಿ ರಂಗಪ್ರವೇಶದಲ್ಲೂ ಕಾಣುತ್ತದೆ. ಇದನ್ನು ಟುಟುವಿನ ಮಗು ಎನ್ನುವುದು ಅತಿರೇಕ. ಆದರೆ ಕಾಲಿನ ಕೆಲಸ ಕಾಣುವಂತೆ ಬಟ್ಟೆ ಹೊಲಿಯಬೇಕು ಎಂಬ ನಿಯಮ ಇಲ್ಲಿಯೂ ಅದೇ.

ಹೊಲಿಗೆಯ ಒಳಗೆ

ಕ್ಲಾಸಿಕಲ್ ಟುಟುವನ್ನು ತಲೆಕೆಳಗೆ ಮಾಡಿ ನೋಡಿದರೆ ಅದರ ಯಂತ್ರ ತಿಳಿಯುತ್ತದೆ. ನೆಟ್‌ನ ಪಟ್ಟಿಗಳನ್ನು ಫ್ರಿಲ್ ಹಿಡಿದು ಒಳಚಡ್ಡಿಯ ಮೇಲೆ ಒಂದರ ಮೇಲೊಂದು ಹೊಲಿದಿರುತ್ತಾರೆ. ತೊಡೆಯ ಹತ್ತಿರದ ಪದರ ಗಿಡ್ಡ, ಮೇಲೆ ಹೋದಂತೆ ಅಗಲ. ಇಂಥವು ಹತ್ತರ ಆಸುಪಾಸು. ನಮ್ಮ ದರ್ಜಿಗಳು ಗೌನು, ಲೆಹಂಗಾಗಳ ಒಳಗೆ ಹಾಕುವ ಕ್ಯಾನ್‌ಕ್ಯಾನ್ ನೆಟ್ಟಿನ ಹಾಗೆ, ಕೆಳಗಿನ ಪದರ ಮೇಲಿನದನ್ನು ಎತ್ತಿ ಹಿಡಿಯುತ್ತದೆ. ಪದರಗಳು ಬೇರೆಬೇರೆ ದಿಕ್ಕಿಗೆ ಹಾರದಂತೆ ನಡುನಡುವೆ ಸಡಿಲವಾದ ಟಾಕಿ ಹಾಕುತ್ತಾರೆ. ಬಿಗಿದರೆ ಲಂಗ ಸಾಯುತ್ತದೆ, ಬಿಟ್ಟರೆ ಕುಣಿತದಲ್ಲಿ ಚದುರುತ್ತದೆ. ಸೊಂಟದಿಂದ ನಿತಂಬದವರೆಗೆ ಮೈಗೆ ಒಪ್ಪವಾಗಿ ಕೂರುವ ಪಟ್ಟಿಯೊಂದು ಇಡೀ ಭಾರವನ್ನು ಹೊರುತ್ತದೆ. ಕುಪ್ಪಸದ ಬೆನ್ನಿಗೆ ಹುಕ್ಕುಗಳ ಹಲವು ಸಾಲು. ಒಂದೇ ಉಡುಪು ವರ್ಷಗಳ ಕಾಲ ಬೇರೆಬೇರೆ ಮೈಕಟ್ಟಿನವರಿಗೆ ಹೊಂದಬೇಕು. ಒಳಗೆ ಹೊಲಿದ ಪಟ್ಟಿಯಲ್ಲಿ ಅದನ್ನು ತೊಟ್ಟ ನರ್ತಕಿಯರ ಹೆಸರುಗಳು ಒಂದರ ಕೆಳಗೊಂದು ಇರುತ್ತವೆ.

ಈ ಕೆಲಸವನ್ನು ಕಲೆಯ ಮಟ್ಟಕ್ಕೇರಿಸಿದವರು ಬಾರ್ಬರಾ ಕರಿನ್ಸ್ಕಾ. 1886ರಲ್ಲಿ ಖಾರ್ಕಿವ್‌ನಲ್ಲಿ ಹುಟ್ಟಿ, ನ್ಯೂಯಾರ್ಕಿನಲ್ಲಿ ನೆಲೆಸಿ, ಜಾರ್ಜ್ ಬಾಲಂಚಿನ್ ಅವರ ಬ್ಯಾಲೆಗಳಿಗೆ ದಶಕಗಳ ಕಾಲ ಉಡುಪು ಮಾಡಿದರು. ಕುಪ್ಪಸದ ಪಕ್ಕದ ತುಂಡುಗಳನ್ನು ಅವರು ಕ್ರಾಸ್ ಕಟಿಂಗ್‌ನಲ್ಲಿ ಕತ್ತರಿಸಿದರು. ಉಸಿರು ತೆಗೆದುಕೊಂಡಾಗ ಬಟ್ಟೆ ಪಕ್ಕೆಲುಬಿನೊಡನೆ ಹಿಗ್ಗುವಂತಾಯಿತು. 1950ರಲ್ಲಿ 'ಸಿಂಫನಿ ಇನ್ ಸಿ'ಗಾಗಿ ತಂತಿಯ ಬಳೆಯನ್ನೇ ತೆಗೆದುಹಾಕಿ, ಕಡಿಮೆ ಪದರಗಳ, ಮೆತ್ತಗೆ ಇಳಿಯುವ ಟುಟು ಹೊಲಿದರು. ರಂಗದ ತುಂಬ ನರ್ತಕಿಯರು ಒತ್ತೊತ್ತಾಗಿ ಕುಣಿಯುವಾಗ ತಟ್ಟೆಗಳು ಒಂದಕ್ಕೊಂದು ತಗುಲಿ ಓಲಾಡುವ ತೊಂದರೆ ಇದರಿಂದ ತಪ್ಪಿತು. 1967ರ 'ಜ್ಯುವೆಲ್ಸ್'ನ 'ಎಮರಲ್ಡ್ಸ್'ನಲ್ಲಿ ಉದ್ದನೆಯ ಲಂಗ, 'ರೂಬೀಸ್'ನಲ್ಲಿ ತುಂಡು ಲಂಗ, 'ಡೈಮಂಡ್ಸ್'ನಲ್ಲಿ ಕ್ಲಾಸಿಕಲ್ ಟುಟು. ಒಂದೇ ಸಂಜೆಯಲ್ಲಿ ಮೂರೂ. ಮೂರು ಬಗೆಯ ಚಲನೆಗೆ ಮೂರು ಬಗೆಯ ಬಟ್ಟೆ. ಕರಿನ್ಸ್ಕಾ ಉಡುಪು ಮಾಡಿದ ತಮ್ಮ ಬ್ಯಾಲೆಗಳ ಯಶಸ್ಸಿನಲ್ಲಿ ಅರ್ಧ ಪಾಲು ಅವರದೆಂದು ಬಾಲಂಚಿನ್ ಒಪ್ಪಿಕೊಂಡಿದ್ದರು.

ನಿಲುವು

ಮೇಲಿನ ಪುರಾವೆಗಳಿಂದ ತಲುಪಬಹುದಾದ ತೀರ್ಮಾನ ಇದು. ಟುಟು ಯಾರೊಬ್ಬರ ಆವಿಷ್ಕಾರವೂ ಅಲ್ಲ, ಮೈ ಮುಚ್ಚುವ-ತೋರಿಸುವ ಹಗ್ಗಜಗ್ಗಾಟದ ಫಲವೂ ಅಲ್ಲ. ಅದು ನೃತ್ಯದ ಉಪಕರಣ. ಅದರ ಉದ್ದವನ್ನು ಹೆಜ್ಜೆ ನಿರ್ಧರಿಸಿತು, ಬಿಳುಪನ್ನು ಗ್ಯಾಸ್ ದೀಪ, ಗಡಸುತನವನ್ನು ಜಾಲರಿಯ ಯಂತ್ರ ಮತ್ತು ನೈಲಾನ್. ಕಮಾರ್ಗೊ, ಟಾಲ್ಯೋನಿ, ಝುಕ್ಕಿ ಈ ಬದಲಾವಣೆಗಳನ್ನು ಪ್ರೇಕ್ಷಕರ ಮುಂದೆ ತೊಟ್ಟು ನಿಂತವರು. ಆ ಗೌರವ ಸಣ್ಣದಲ್ಲ.

ನೃತ್ಯದ ಉಡುಪಿನ ಬಗ್ಗೆ ಬರೆಯುವ ಸಂಶೋಧಕರಲ್ಲಿ ಒಂದು ವಿನಂತಿ. ವಿನ್ಯಾಸದ ಚಿತ್ರ ಮತ್ತು ವಿನ್ಯಾಸಕಾರರ ಹೆಸರಿನಲ್ಲೇ ನಿಲ್ಲಬೇಡಿ. ಆ ರಂಗದಲ್ಲಿ ಯಾವ ದೀಪ ಉರಿಯುತ್ತಿತ್ತು, ಬಟ್ಟೆ ಯಾವ ಮಗ್ಗದಿಂದ ಬಂತು, ಹೊಲಿದವರು ಯಾರು, ತೊಟ್ಟವರಿಗೆ ಅದರಿಂದ ಏನಾಯಿತು ಎಂಬುದನ್ನೂ ದಾಖಲಿಸಿ. ಎಮ್ಮಾ ಲಿವ್ರಿ ಅವರ ಹೆಸರಿಲ್ಲದ ಟುಟುವಿನ ಚರಿತ್ರೆ ಅಪೂರ್ಣ.